ಊರು ಬಿಟ್ಟು ಊರು ಉಳಿಸಿಕೊಂಡವರು

1897ರ ಜೂನ್ 22. ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷ ತುಂಬಿದ್ದಕ್ಕೆ ದೇಶದ ಊರೂರಲ್ಲೂ ಉತ್ಸವ. ಬೆಂಗಳೂರಿನಲ್ಲಿ ಆ ದಿನ ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ದೊಡ್ಡದೊಂದು ಆಸ್ಪತ್ರೆಗೆ ಅಡಿಗಲ್ಲು ಇಟ್ಟರು. ಎರಡೂವರೆ ವರ್ಷದ ಹಿಂದೆ ಕಲ್ಕತ್ತೆಗೆ ಹೋಗಿದ್ದಾಗ ಅವರ ಪತಿ ಚಾಮರಾಜೇಂದ್ರ ಒಡೆಯರು ಗಂಟಲಮಾರಿ ತಗುಲಿ ಮೂವತ್ತೊಂದನೇ ವಯಸ್ಸಿಗೇ ತೀರಿಕೊಂಡಿದ್ದರು. ಅಂಟುರೋಗ ಅರಮನೆಯ ಬಾಗಿಲನ್ನೂ ಬಿಡುವುದಿಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅದೇ ರಾತ್ರಿ ಪುಣೆಯ ಗಣೇಶಖಿಂಡ ರಸ್ತೆಯಲ್ಲಿ, ಗವರ್ನರ್ ಬಂಗಲೆಯ ಔತಣ ಮುಗಿಸಿ ಹೊರಟಿದ್ದ ಇಬ್ಬರು ಇಂಗ್ಲಿಷ್ ಅಧಿಕಾರಿಗಳ ಮೇಲೆ ಚಾಪೇಕರ ಸೋದರರು ಗುಂಡು ಹಾರಿಸಿದರು. ಲೆಫ್ಟಿನೆಂಟ್ ಅಯರ್ಸ್ಟ್ ಅಲ್ಲೇ ಸತ್ತ. ಇನ್ನೊಬ್ಬ ಡಬ್ಲ್ಯು.ಸಿ. ರ‍್ಯಾಂಡ್, ಪುಣೆಯ ಪ್ಲೇಗು ಕಮಿಟಿಯ ಅಧ್ಯಕ್ಷ. ಅವನು ಜುಲೈ 3ರಂದು ಪ್ರಾಣ ಬಿಟ್ಟ. ರೋಗ ತಡೆಯಲು ನೇಮಕವಾದ ಅಧಿಕಾರಿಯನ್ನು ಊರಿನವರೇ ಕೊಲ್ಲುವ ಮಟ್ಟಕ್ಕೆ ಸಂಗತಿ ಮುಟ್ಟಿತ್ತು.

ಅಲ್ಲಿಗೆ ಮುಟ್ಟಿದ್ದು ಹೇಗೆ? ಪ್ಲೇಗು 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯಲ್ಲಿ, ಬಂದರಿನ ದಿನಸಿ ಗೋದಾಮುಗಳ ಮಗ್ಗುಲಲ್ಲಿ, ಮೊದಲು ಕಾಣಿಸಿಕೊಂಡಿತು. ಡಾ. ಅಕೇಸಿಯೊ ವಿಯೇಗಸ್ ಎಂಬ ವೈದ್ಯರು ಇದು ಗಡ್ಡೆ ಪ್ಲೇಗು ಎಂದು ಗುರುತಿಸಿದರು. ಜ್ವರ, ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಕೆಲವೇ ದಿನಗಳಲ್ಲಿ ಸಾವು. ಮುಂಬಯಿಯಿಂದ ಲಕ್ಷಾಂತರ ಜನ ರೈಲು, ದೋಣಿ, ಗಾಡಿ ಹತ್ತಿದರು. ಸರ್ಕಾರಕ್ಕೆ ಜನರ ಪ್ರಾಣದ ಜೊತೆಗೆ ಹಡಗಿನ ವ್ಯಾಪಾರದ ಚಿಂತೆಯೂ ಇತ್ತು. ಯುರೋಪಿನ ಬಂದರುಗಳು ಹಿಂದೂಸ್ಥಾನದ ಸರಕನ್ನು ಒಲ್ಲೆ ಎನ್ನತೊಡಗಿದ್ದವು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ನಾಲ್ಕೇ ಕಲಮುಗಳ ಸಣ್ಣ ಕಾಯಿದೆ. ಆದರೆ ಯಾವ ಮನೆಗೆ ಬೇಕಾದರೂ ನುಗ್ಗುವ, ಯಾರನ್ನು ಬೇಕಾದರೂ ಎತ್ತಿಕೊಂಡು ಹೋಗುವ ಅಧಿಕಾರಕ್ಕೆ ಅಷ್ಟು ಸಾಕಾಯಿತು.

ಪುಣೆಯಲ್ಲಿ ರ‍್ಯಾಂಡ್ ಈ ಕೆಲಸಕ್ಕೆ ಗೋರಾ ಸಿಪಾಯಿಗಳನ್ನು ಇಳಿಸಿದ. ಅವರು ಬೂಟುಗಾಲಲ್ಲಿ ಅಡುಗೆಮನೆ, ದೇವರಮನೆ ಹೊಕ್ಕರು. ಗಡ್ಡೆ ಇದೆಯೇ ಎಂದು ನೋಡಲು ಹೆಂಗಸರನ್ನು ಬೀದಿಯ ಎದುರೇ ತಡಕಿದರೆಂಬ ದೂರುಗಳು ಎದ್ದವು. ಜ್ವರ ಬಂದವರು ಆಸ್ಪತ್ರೆಗೆ, ಮನೆಯ ಉಳಿದವರು ಕ್ಯಾಂಪಿಗೆ, ಹಾಸಿಗೆ ಬಟ್ಟೆ ಬೆಂಕಿಗೆ. ಜನ ಕಲಿತದ್ದು ಒಂದನ್ನೇ: ರೋಗ ಬಂದರೆ ಬಚ್ಚಿಡಬೇಕು. ಹೆಣವನ್ನು ರಾತ್ರಿ ಗುಟ್ಟಾಗಿ ಸಾಗಿಸಿದರು, ಮನೆಯೊಳಗೇ ಹೂತರು, ಕಾಯಿಲೆಯವರನ್ನು ಅಟ್ಟದ ಮೇಲೆ ಮಲಗಿಸಿದರು. ತಪಾಸಣೆ ಬಿಗಿಯಾದಷ್ಟೂ ರೋಗ ಕಣ್ಣಿಗೆ ಬೀಳದ ಹಾಗಾಯಿತು. ಅದೇ ವರ್ಷ ಇಂಗ್ಲೆಂಡಿಗೆ ಹೋಗಿದ್ದ ಗೋಪಾಲಕೃಷ್ಣ ಗೋಖಲೆಯವರು ಸಿಪಾಯಿಗಳ ಅತ್ಯಾಚಾರದ ಬಗ್ಗೆ ಅಲ್ಲಿ ಮಾತಾಡಿದರು. ಊರಿಗೆ ಬಂದ ಮೇಲೆ ಸಾಕ್ಷಿ ಒದಗಿಸಲಾಗದೆ ಕ್ಷಮೆ ಕೇಳಬೇಕಾಯಿತು. ಮುಂದಿನ ವರ್ಷ ಅದೇ ಗೋಖಲೆ ಪುಣೆಯಲ್ಲಿ ಪ್ಲೇಗು ಸ್ವಯಂಸೇವಕರಾಗಿ ಬೀದಿಗಿಳಿದರು. ಈ ಎರಡನೆಯ ಕೆಲಸವನ್ನು ಚರಿತ್ರೆಯ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಅವಮಾನ ನುಂಗಿಕೊಂಡು ಮತ್ತೆ ರೋಗಿಗಳ ಬಳಿಗೆ ನಡೆದ ಆ ಗಟ್ಟಿತನ ನನಗೆ ಅವರ ಎಷ್ಟೋ ಭಾಷಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಪುಣೆಯ ಹೊರಗಿನ ಹೊಲಗಳಲ್ಲಿ ಇನ್ನೊಂದು ಕತೆ ನಡೆದಿತ್ತು. ಸಾವಿತ್ರಿಬಾಯಿ ಫುಲೆಯವರು ವೈದ್ಯನಾಗಿದ್ದ ಮಗ ಯಶವಂತನ ಜೊತೆ ಪ್ಲೇಗು ರೋಗಿಗಳಿಗೆ ದವಾಖಾನೆ ತೆರೆದಿದ್ದರು. ಮುಂಢವಾ ಊರಿನ ಅಸ್ಪೃಶ್ಯರ ಕೇರಿಯಲ್ಲಿ ಮಲಗಿದ್ದ ಹುಡುಗನೊಬ್ಬನನ್ನು ತಾವೇ ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ರೋಗ ಅವರಿಗೆ ಅಂಟಿತು. 1897ರ ಮಾರ್ಚ್ 10ರಂದು ತೀರಿಕೊಂಡರು. ಸಿಪಾಯಿಗಳು ಮನೆ ಹೊಕ್ಕ ತಿಂಗಳೂ ಅದೇ. ಒಂದು ಕಡೆ ರೋಗಿಯನ್ನು ಎಳೆದೊಯ್ಯುವ ಕೈ, ಇನ್ನೊಂದು ಕಡೆ ಹೊತ್ತು ತರುವ ಬೆನ್ನು. ಜನ ಯಾವುದನ್ನು ನಂಬಿದರು ಎಂಬುದರ ಮೇಲೆ ಮುಂದಿನ ಎಷ್ಟೋ ಸಂಗತಿಗಳು ನಿಂತವು.

ಪ್ಲೇಗು ಕನ್ನಡನಾಡಿಗೆ ಬಂದದ್ದು ರೈಲಿನಲ್ಲಿ. ಪುಣೆಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗೆ ಸದರ್ನ್ ಮರಾಠಾ ರೈಲ್ವೆಯ ದಾರಿ ಇತ್ತು. ಹುಬ್ಬಳ್ಳಿಯಲ್ಲಿ ರೈಲ್ವೆಯ ದೊಡ್ಡ ಕಾರ್ಖಾನೆ, ಪಕ್ಕದಲ್ಲೇ ಹತ್ತಿ, ಕಾಳುಕಡಿಯ ಪೇಟೆ. 1897ರ ಕೊನೆಯ ಹೊತ್ತಿಗೆ ರೋಗ ಅಲ್ಲಿ ಕಾಲಿಟ್ಟಿತ್ತು. 1898ರ ಬೇಸಗೆ ಕಳೆದು ಮಳೆಗಾಲ ಬಂದದ್ದೇ ತಡ, ಸಾವು ದಿನದಿನಕ್ಕೂ ಏರತೊಡಗಿತು.

ಹುಬ್ಬಳ್ಳಿಯಲ್ಲಿ ಆ ವರ್ಷ ನಡೆದದ್ದು ಜಗತ್ತಿನ ವೈದ್ಯರೆಲ್ಲ ತಿರುಗಿ ನೋಡಿದ ಸಂಗತಿ. ನಮ್ಮಲ್ಲಿ ಅದನ್ನು ನೆನೆಯುವವರು ಕಡಿಮೆ. ಒಡೆಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮರ್ ಹಾಫ್‌ಕಿನ್ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನ ಒಂದು ಕೋಣೆಯಲ್ಲಿ ಪ್ಲೇಗಿಗೆ ಲಸಿಕೆ ತಯಾರಿಸಿದ್ದ. ವಿಧಾನ ನೋಡಿ: ಗಾಜಿನ ಬುರುಡೆಯಲ್ಲಿ ಮಾಂಸದ ಸಾರು, ಅದರ ಮೇಲೆ ತೇಲುವ ತುಪ್ಪದ ಹನಿಗಳು. ಪ್ಲೇಗಿನ ಕ್ರಿಮಿಗಳು ಆ ತುಪ್ಪವನ್ನು ಹಿಡಿದು ಕೆಳಕ್ಕೆ ಬಿಳಲಿನಂತೆ ಇಳಿಬಿದ್ದು ಬೆಳೆಯುತ್ತಿದ್ದವು. ಆಗಾಗ ಬುರುಡೆ ಅಲುಗಿಸಿದರೆ ಬಿಳಲು ತಳಕ್ಕೆ ಬಿದ್ದು ಮತ್ತೆ ಹೊಸದು ಇಳಿಯುತ್ತಿತ್ತು. ವಾರಗಟ್ಟಲೆ ಬೆಳೆಸಿ, ಕಾಯಿಸಿ ಕ್ರಿಮಿಗಳನ್ನು ಕೊಂದು, ಸ್ವಲ್ಪ ಕಾರ್ಬಾಲಿಕ್ ಆಮ್ಲ ಬೆರೆಸಿದರೆ ಮದ್ದು ಸಿದ್ಧ. 1897ರ ಜನವರಿ 10ರಂದು ಹಾಫ್‌ಕಿನ್ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡ. ಆಮೇಲೆ ಬೈಕುಲಾ ಜೈಲಿನಲ್ಲಿ, ಒಪ್ಪಿ ಮುಂದೆ ಬಂದ ಕೈದಿಗಳ ಮೇಲೆ ಪ್ರಯೋಗವಾಯಿತು.

ಮದ್ದಿಗಿಂತ ಮೊದಲು ಊರಿಗೆ ಬಂದದ್ದು ಗುಲ್ಲು. ಸೂಜಿಯಲ್ಲಿ ದನದ ರಕ್ತ ಇದೆ, ಹಂದಿಯ ಕೊಬ್ಬು ಇದೆ, ಗಂಡಸರ ಶಕ್ತಿ ಇಂಗಿಸುತ್ತಾರೆ, ಹೆಂಗಸರಿಗೆ ಮಕ್ಕಳಾಗದಂತೆ ಮಾಡುತ್ತಾರೆ, ರಾಣಿಗೆ ಬಲಿ ಬೇಕಾಗಿದೆ. ಮುಂಬಯಿಯಲ್ಲಿ ಇಸ್ಮಾಯಿಲಿ ಖೋಜಾ ಸಮುದಾಯದ ಗುರು ಮೂರನೆಯ ಆಗಾಖಾನ್, ಆಗ ಇಪ್ಪತ್ತರ ಹರೆಯದವರು, ತಮ್ಮವರೆಲ್ಲ ನೋಡುತ್ತಿದ್ದಂತೆ ಚುಚ್ಚಿಸಿಕೊಂಡರು. ಅವರ ಹಿಂದೆ ಸಾವಿರಾರು ಜನ ತೋಳು ಚಾಚಿದರು. ವಿಜ್ಞಾನದ ವಾದ ಅಲ್ಲಿ ಗೆಲ್ಲಲಿಲ್ಲ. ತಮ್ಮವನೊಬ್ಬ ಮೊದಲು ಮೈಯೊಡ್ಡಿದ ಎಂಬುದು ಗೆದ್ದಿತು.

ಹುಬ್ಬಳ್ಳಿಯಲ್ಲಿ ಡಾ. ಲಾಯ್ಮನ್ 1898ರ ಮೇ ತಿಂಗಳಲ್ಲಿ ಸೂಜಿ ಹಾಕುವ ಕೆಲಸ ಶುರು ಮಾಡಿದ. ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆ ಧಾರವಾಡ ಸೀಮೆಯಲ್ಲಿ ಇದೇ ಕೆಲಸಕ್ಕೆ ನಿಂತರು. ಗಂಡಸು ಡಾಕ್ಟರ ಎದುರು ಸೆರಗು ಸರಿಸಲು ಒಪ್ಪದ ಹೆಣ್ಣುಮಕ್ಕಳಿಗೆ ಹೆಣ್ಣು ಡಾಕ್ಟರು ಇದ್ದದ್ದು ಎಂಥ ವ್ಯತ್ಯಾಸ ಎಂಬುದನ್ನು ಪುಣೆಯ ಬೀದಿಯ ಜೊತೆ ಹೋಲಿಸಿ ನೋಡಿದರೆ ತಿಳಿಯುತ್ತದೆ. ಸೂಜಿ ಹಾಕಿಸಿಕೊಂಡವರಿಗೆ ಒಂದೆರಡು ದಿನ ಜ್ವರ, ತೋಳು ಬಾತು ನೋವು. ಕೂಲಿಯವನಿಗೆ ಅದೆಂದರೆ ಎರಡು ದಿನದ ಸಂಬಳ ಖೋತಾ. ವಾರ ಹತ್ತು ದಿನ ಬಿಟ್ಟು ಇನ್ನೊಂದು ಸಲ ಬರಬೇಕು. ಇಷ್ಟೆಲ್ಲ ಇದ್ದರೂ ಜನ ಬಂದರು. ಒಂದು ಕಾರಣ ಸರ್ಟಿಫಿಕೇಟು: ಚುಚ್ಚಿಸಿಕೊಂಡವರನ್ನು ಕ್ಯಾಂಪಿಗೆ ಎಳೆದೊಯ್ಯುವಂತಿರಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಕಣ್ಣೆದುರೇ ಇತ್ತು. ಒಂದೇ ಮನೆಯಲ್ಲಿ ಚುಚ್ಚಿಸಿಕೊಂಡವರು ಉಳಿದು ಒಲ್ಲೆನೆಂದವರು ಹೋಗುವುದನ್ನು ಓಣಿಯವರು ಲೆಕ್ಕ ಹಾಕತೊಡಗಿದರು. ಸುಮಾರು ಐವತ್ತು ಸಾವಿರ ಜನರ ಊರಿನಲ್ಲಿ, ಸೆಪ್ಟೆಂಬರ್ ಕೊನೆಯ ಹೊತ್ತಿಗೆ, ಮೂವತ್ತೈದು ಸಾವಿರಕ್ಕೂ ಹೆಚ್ಚು ಜನ ಸೂಜಿ ಹಾಕಿಸಿಕೊಂಡಿದ್ದರು. ಆಗಿನ ಜಗತ್ತಿನಲ್ಲಿ ಪ್ಲೇಗಿನ ನಡುವೆ ಒಂದು ಇಡೀ ಪಟ್ಟಣ ಹೀಗೆ ತೋಳು ಚಾಚಿದ್ದು ಬೇರೆಲ್ಲೂ ಇರಲಿಲ್ಲವೆಂದೇ ಹೇಳಬೇಕು.

ಮುಂದೆ ಎಡಿನ್‌ಬರೋದ ಪ್ರೊಫೆಸರ್ ಫ್ರೇಸರ್ ಅವರ ಅಧ್ಯಕ್ಷತೆಯ ಪ್ಲೇಗು ಕಮಿಷನ್ ಬಂದು ಹುಬ್ಬಳ್ಳಿ, ಧಾರವಾಡಗಳ ಲೆಕ್ಕಗಳನ್ನು ಜಾಲಾಡಿತು. ಅಂಕಿಗಳಲ್ಲಿ ಹುಳುಕು ಹುಡುಕಿತು, ಆದರೂ ಲಸಿಕೆಯಿಂದ ರೋಗ ತಗುಲುವುದೂ ಸಾವೂ ಇಳಿಯುತ್ತವೆ ಎಂದು ಒಪ್ಪಿತು. ಆ ಲೆಕ್ಕದ ಹಿಂದೆ ಇದ್ದದ್ದು ಹುಬ್ಬಳ್ಳಿಯ ನೇಕಾರರು, ಹಮಾಲರು, ಫಿಟ್ಟರುಗಳು, ಅವರ ಹೆಂಡಿರು ಮಕ್ಕಳು. ಕ್ಯಾಂಪಿನ ಹೆದರಿಕೆ ಅವರಲ್ಲಿ ಒಂದಷ್ಟು ಜನರನ್ನು ತಂದಿತು, ನಿಜ. ಆದರೆ ಹೆದರಿಕೆಯೊಂದೇ ತಂದಿದ್ದರೆ ಎರಡನೆಯ ಸೂಜಿಗೆ ಅಷ್ಟು ಜನ ಬರುತ್ತಿರಲಿಲ್ಲ ಎನ್ನುವುದು ನನ್ನ ಎಣಿಕೆ.

ಹುಬ್ಬಳ್ಳಿಯ ಅದೇ ಮಳೆಗಾಲದಲ್ಲಿ, 1898ರ ಆಗಸ್ಟಿನಲ್ಲಿ, ರೋಗ ರೈಲು ಹಿಡಿದು ಬೆಂಗಳೂರಿಗೆ ಬಂತು. ಆಗ ಬೆಂಗಳೂರು ಎಂದರೆ ಎರಡು ಊರು. ಪೇಟೆಯ ಕಡೆ ಮೈಸೂರು ಸಂಸ್ಥಾನದ ಆಡಳಿತ; ದಂಡಿನ ಕಡೆ ಇಂಗ್ಲಿಷ್ ರೆಸಿಡೆಂಟರದು. ಇಲಿಗೆ ಈ ಗಡಿ ಗೊತ್ತಿರಲಿಲ್ಲ. ರೈಲು ನಿಲ್ದಾಣದಿಂದ ಕೂಗಳತೆಯಲ್ಲಿ ಅಕ್ಕಿಪೇಟೆ, ಅರಳೇಪೇಟೆ, ಆಚೆ ತರಗುಪೇಟೆ. ಮೂಟೆಗಳ ಮೇಲೆ ಮೂಟೆ, ಗೋಡೆಗೆ ಗೋಡೆ ಅಂಟಿದ ಮನೆಗಳು, ಕಿಟಕಿಯಿಲ್ಲದ ಕತ್ತಲ ಕೋಣೆಗಳು. ಇಲಿಗೆ ಇದಕ್ಕಿಂತ ಸುಖದ ಜಾಗ ಬೇಕೆ? ಇಲಿಯ ಮೈಮೇಲಿನ ಚಿಗಟ ರೋಗವನ್ನು ಮನುಷ್ಯರಿಗೆ ದಾಟಿಸುತ್ತದೆ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ. ಅವನ ಮಾತನ್ನು ವೈದ್ಯಲೋಕ ನಂಬಲು ಇನ್ನೂ ಏಳೆಂಟು ವರ್ಷ ಬೇಕಾಯಿತು. ಅಲ್ಲಿಯವರೆಗೆ ಅಧಿಕಾರಿಗಳು ನೆಲಕ್ಕೆ ರಸಕರ್ಪೂರದ ನೀರು ಸುರಿದರು, ಗೋಡೆಗೆ ಸುಣ್ಣ ಬಳಿಸಿದರು, ಬಿಸಿಲು ಬೀಳಲೆಂದು ಹೆಂಚು ಕೀಳಿಸಿದರು.

ದಿವಾನ್ ಶೇಷಾದ್ರಿ ಅಯ್ಯರ್ ಅವರು ವಿ.ಪಿ. ಮಾಧವರಾಯರನ್ನು ಪ್ಲೇಗು ಕಮಿಷನರಾಗಿ ನೇಮಿಸಿದರು. ಕ್ಯಾಂಪುಗಳಾದವು, ರೈಲು ಪ್ರಯಾಣಿಕರ ಮೈಕೈ ನೋಡುವ ಏರ್ಪಾಡಾಯಿತು, ಪ್ಲೇಗು ಊರಿನಿಂದ ಬಂದವರಿಗೆ ಪಾಸ್‌ಪೋರ್ಟು ಕೊಟ್ಟು ದಿನಾ ಹಾಜರಿ ಹಾಕಿಸುವ ನಿಯಮ ಬಂತು. ಸುದ್ದಿ ಬೇಗ ಮುಟ್ಟಲೆಂದು ಟೆಲಿಫೋನ್ ತಂತಿ ಎಳೆದರು. ಸಂಸ್ಥಾನದ ಅಧಿಕಾರಿಗಳು ಜನರ ಭಾಷೆ ಬಲ್ಲವರು, ಮಡಿ ಮೈಲಿಗೆ ತಿಳಿದವರು; ಪುಣೆಯ ಅತಿರೇಕ ಇಲ್ಲಿ ಆಗಲಿಲ್ಲ. ಆದರೂ ಜನರ ಮನಸ್ಸು ತಣ್ಣಗಿತ್ತು ಎಂದರೆ ಸುಳ್ಳಾದೀತು. ಶ್ರೀರಂಗಪಟ್ಟಣದ ಮಗ್ಗುಲ ಗಂಜಾಮಿನಲ್ಲಿ ಆ ವರ್ಷವೇ ಪ್ಲೇಗು ನಿಯಮಗಳ ವಿರುದ್ಧ ಜನ ದಂಗೆ ಎದ್ದರು. ಹೆಂಡತಿ ಮಕ್ಕಳನ್ನು ಕ್ಯಾಂಪಿಗೆ ಒಯ್ದರೆ ಯಾವ ಭಾಷೆಯಲ್ಲಿ ಒಯ್ದರೇನು ಎಂಬುದು ಅವರ ಸಂಕಟ. ಅದನ್ನು ಅಜ್ಞಾನ ಎಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಬೆಂಗಳೂರಿನಿಂದ ಜನ ಗಂಟುಮೂಟೆ ಕಟ್ಟಿದರು. ಅಂಗಡಿ ಮುಚ್ಚಿದವು, ಮಗ್ಗ ನಿಂತವು. ಚಾಮರಾಜೇಂದ್ರ ಸಂಸ್ಕೃತ ಪಾಠಶಾಲೆಯಲ್ಲಿ ಓದುತ್ತಿದ್ದ ಕೇರಳದ ಒಬ್ಬ ತರುಣನೂ ಓದು ಬಿಟ್ಟು ಹೊರಟ. ಮುಂದೆ ಮಲಯಾಳದ ಮಹಾಕವಿಯಾದ ಕುಮಾರನ್ ಆಶಾನ್ ಅವನೇ. ಅವನನ್ನು ಮನೆಯಲ್ಲಿಟ್ಟುಕೊಂಡು ಓದಿಸಿದ್ದ ಡಾ. ಪಲ್ಪು ಹೊರಡಲಿಲ್ಲ. ಈಳವ ಜಾತಿಯವನೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಅವರಿಗೆ ಕೆಲಸ ಕೊಟ್ಟಿರಲಿಲ್ಲ. ಮೈಸೂರು ಕೊಟ್ಟಿತ್ತು. ಊರಿಗೆ ಊರೇ ಖಾಲಿಯಾಗುತ್ತಿದ್ದಾಗ ಆ ವೈದ್ಯ ಪ್ಲೇಗು ಕ್ಯಾಂಪುಗಳಲ್ಲಿ ರೋಗಿಗಳ ನಡುವೆ ಓಡಾಡುತ್ತಿದ್ದರು. ಹುಟ್ಟಿದ ನಾಡು ಮುಟ್ಟಿಸಿಕೊಳ್ಳದ ಮನುಷ್ಯ, ಯಾರೂ ಮುಟ್ಟಲು ಹೆದರುವ ರೋಗಿಗಳನ್ನು ಮುಟ್ಟಿ ನೋಡಿದರು.

1891ರ ಖಾನೇಷುಮಾರಿಯಲ್ಲಿ ಎರಡೂ ಬೆಂಗಳೂರು ಸೇರಿ ಒಂದು ಲಕ್ಷ ಎಂಬತ್ತು ಸಾವಿರ ಜನ. 1901ರಲ್ಲಿ ಒಂದು ಲಕ್ಷ ಐವತ್ತೊಂಬತ್ತು ಸಾವಿರ. ಸತ್ತವರ ಜೊತೆ, ಹೋಗಿ ಮರಳದವರೂ ಈ ಲೆಕ್ಕದಲ್ಲಿದ್ದಾರೆ. ಉಳಿದವರಿಗಾಗಿ ಊರು ಗೋಡೆಯಾಚೆ ಬೆಳೆಯಿತು. ಮೊದಲೇ ಗೆರೆ ಎಳೆದಿಟ್ಟಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಈಗ ತುಂಬತೊಡಗಿದವು. ಅಗಲ ಬೀದಿ, ಮನೆಯ ಸುತ್ತ ಬಯಲು, ಹಿಂದೆ ಕಸ ಬಳಿಯುವವರಿಗೆ ಓಣಿ. ದಂಡಿನ ಕಡೆ ಫ್ರೇಜರ್ ಟೌನ್ ಎದ್ದಿತು, ಇಲಿ ನುಸುಳದ ಮನೆಗಳೆಂಬ ಹೆಸರಿನೊಂದಿಗೆ. ಮಹಾರಾಣಿಯವರು ಅಡಿಗಲ್ಲಿಟ್ಟ ವಿಕ್ಟೋರಿಯಾ ಆಸ್ಪತ್ರೆ 1900ರ ಡಿಸೆಂಬರ್ 8ರಂದು ಬಾಗಿಲು ತೆರೆಯಿತು. ಮೈಸೂರು ನಗರದಲ್ಲಿ 1903ರಲ್ಲಿ ನಗರ ಸುಧಾರಣಾ ಮಂಡಳಿ ಆಯಿತು. ಪೇಟೆಯ ಜನ ತಮ್ಮ ಪಾಲಿನದನ್ನೂ ಕಟ್ಟಿಕೊಂಡರು: ಪ್ಲೇಗು ಮಾರಮ್ಮನ ಗುಡಿಗಳು. ಅವು ಬೆಂಗಳೂರಿನ ಕೇರಿಗಳಲ್ಲಿ ಇಂದಿಗೂ ಇವೆ, ಪೂಜೆಯೂ ನಡೆಯುತ್ತದೆ. ಕ್ಯಾಂಪಿನಲ್ಲಿ ಬೇರೆಬೇರೆಯಾದ ಜನ ಆ ಗುಡಿಯ ಮುಂದೆ ಒಟ್ಟಿಗೆ ನಿಂತರು. ಎದೆಗೆ ಧೈರ್ಯ ಬೇಕಿದ್ದವರಿಗೆ ಸರ್ಕಾರದ ಜಾಹೀರಾತಿಗಿಂತ ಮೊದಲು ಒದಗಿದ್ದು ಅಮ್ಮ.

ಪಟ್ಟಣಗಳ ಕತೆ ಕಾಗದದ ಮೇಲೆ ಉಳಿದಿದೆ. ಹಳ್ಳಿಗಳದು ಹೆಚ್ಚಾಗಿ ಬಾಯಿಮಾತಿನಲ್ಲಿ ಉಳಿಯಿತು. 1898ರಿಂದ ಮುಂದೆ ಐದು ದಶಕ ಕನ್ನಡನಾಡಿನ ಹಳ್ಳಿಗಳು ಪ್ಲೇಗಿನೊಂದಿಗೆ ಬದುಕಿದ್ದು ಹೇಗೆ ಎಂಬುದೇ ಈ ಇಡೀ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು.

"ಇಲಿ ಬಿದ್ದವಂತೆ." ಸುದ್ದಿ ಶುರುವಾಗುತ್ತಿದ್ದದ್ದು ಹೀಗೆ. ಯಾರದೋ ಅಟ್ಟದಿಂದ, ಹಗೇವಿನ ಬಾಯಿಂದ ಒಂದು ಇಲಿ ಹಗಲುಹೊತ್ತಿನಲ್ಲೇ ಹೊರಬಂದು, ಮನುಷ್ಯರನ್ನು ಕಂಡರೂ ಓಡದೆ, ತಿರುಗಿ ತಿರುಗಿ ಬಿದ್ದು ಸಾಯುತ್ತಿತ್ತು. ಅದನ್ನು ಕಂಡವರು ಬಚ್ಚಿಡುವಂತಿಲ್ಲ. ಪಟೇಲರಿಗೆ ಸುದ್ದಿ ಮುಟ್ಟಬೇಕು. ಪಟೇಲರು, ಶಾನುಭೋಗರು, ನಾಲ್ಕು ಜನ ಹಿರಿಯರು ಸೇರಿ ಮಾತಾಡಿಕೊಳ್ಳುತ್ತಿದ್ದರು. ಸಂಜೆ ತೋಟಿ ತಮಟೆ ಬಡಿಯುತ್ತಿದ್ದ: ಇಂಥ ದಿನದೊಳಗೆ ಊರು ಬಿಡಬೇಕು.

ಆಮೇಲಿನ ಕೆಲಸ ನೋಡುವಂಥದ್ದು. ಊರಾಚೆ ಕಣದಲ್ಲೋ ಹೊಲದಲ್ಲೋ ಜಾಗ ಗೊತ್ತುಮಾಡಿ ಬಿದಿರು, ತಡಿಕೆ, ತೆಂಗಿನ ಸೋಗೆ, ಜೋಳದ ದಂಟು ಹೊಂದಿಸಿ ಗುಡಿಸಲು ಹಾಕಬೇಕು. ಶೆಡ್ಡು ಎನ್ನುತ್ತಿದ್ದರು. ಒಂಟಿ ಹೆಂಗಸಿನ ಶೆಡ್ಡಿಗೆ ಸೋಗೆ ಹೊದಿಸಲು ಪಕ್ಕದ ಮನೆಯವರು ಕೈಹಾಕುತ್ತಿದ್ದರು. ದನಕರು, ಪಾತ್ರೆಪಡಗ, ತಿಂಗಳಿಗಾಗುವಷ್ಟು ರಾಗಿ, ಅಷ್ಟೇ. ಹೆಚ್ಚು ಕಾಳು ತಂದರೆ ಇಲಿಯೂ ಬರುತ್ತದೆ ಎಂಬುದು ಗೊತ್ತಿತ್ತು. ಮನೆಗಳಿಗೆ ಬೀಗ. ಶಾಲೆ ಮರದ ಕೆಳಗೆ. ಊರೊಳಗೆ ಯಾರೂ ಕಾಲಿಡದಂತೆ ಸರದಿಯ ಕಾವಲು. ಆದರೂ ಯಾರೋ ಒಬ್ಬರು ಮರೆತ ಸಾಮಾನು ತರಲು, ಹೂತಿಟ್ಟ ಒಡವೆ ನೋಡಲು, ನಡುಹಗಲಲ್ಲಿ ಮನೆಗೆ ನುಸುಳುತ್ತಿದ್ದರು. ಸತ್ತ ಇಲಿಯ ಮೈಬಿಟ್ಟ ಚಿಗಟಗಳು ಆ ಖಾಲಿ ಮನೆಯಲ್ಲಿ ಹಸಿದು ಕೂತಿರುತ್ತಿದ್ದವು. ಎರಡು ಮೂರು ದಿನಕ್ಕೆ ಜ್ವರ.

ಚಿಗಟದ ವಿಚಾರ ತಿಳಿಯುವ ಮೊದಲೇ ಜನ ಇದನ್ನೆಲ್ಲ ಮಾಡುತ್ತಿದ್ದರು ಎಂಬುದನ್ನು ಗಮನಿಸಬೇಕು. ಇಲಿ ಬಿದ್ದ ಮನೆ ಬಿಡಬೇಕು, ಬಯಲಲ್ಲಿರಬೇಕು, ಬಿಸಿಲಿಗೆ ಮೈಯೊಡ್ಡಬೇಕು. ಪ್ರಯೋಗಶಾಲೆ ತಡವಾಗಿ ಹೇಳಿದ್ದನ್ನು ಅನುಭವ ಮೊದಲೇ ಹೇಳಿತ್ತು. ಸರ್ಕಾರವೂ ಕೊನೆಗೆ ಇದಕ್ಕೇ ಬಂತು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಮನೆ ಹೊಕ್ಕು ಎಳೆದೊಯ್ಯುವ ನಿಯಮಗಳು ಸಡಿಲವಾಗಿ, ಜನ ತಾವಾಗಿಯೇ ಊರು ಬಿಡುವುದನ್ನೂ ಒಪ್ಪಿ ಸೂಜಿ ಹಾಕಿಸಿಕೊಳ್ಳುವುದನ್ನೂ ಮುಖ್ಯ ಉಪಾಯವೆಂದು ಅಧಿಕಾರಿಗಳು ಒಪ್ಪಿಕೊಂಡರು. ಪುಣೆಯಲ್ಲಿ ಸಿಪಾಯಿಗಳು ಮಾಡಲು ಹೋದದ್ದೂ ಮನೆ ಖಾಲಿ ಮಾಡಿಸುವುದನ್ನೇ. ಅಲ್ಲಿ ಹೊರಗಿನವನ ಬೂಟು ಹೇಳಿತು, ಇಲ್ಲಿ ತೋಟಿಯ ತಮಟೆ ಹೇಳಿತು. ಅಲ್ಲಿ ಗಂಡನೊಂದು ಕಡೆ ಹೆಂಡತಿಯೊಂದು ಕಡೆಯಾದರು, ಇಲ್ಲಿ ಮನೆಮಂದಿಯೆಲ್ಲ ಒಂದೇ ಸೋಗೆಯ ಕೆಳಗಿದ್ದರು. ಗಾಬರಿಗೂ ಸಮಾಧಾನಕ್ಕೂ ನಡುವೆ ಇದ್ದ ಅಂತರ ಇಷ್ಟೇ, ಮತ್ತು ಇದು ಸಣ್ಣ ಅಂತರವಲ್ಲ.

ಹಳ್ಳಿಯನ್ನು ಹೊಗಳುವಾಗ ಅದರ ಕೊರತೆಯನ್ನೂ ಹೇಳಬೇಕು. ಶೆಡ್ಡುಗಳೂ ಕೇರಿಯ ಪ್ರಕಾರವೇ ಏಳುತ್ತಿದ್ದವು. ಹೊಲಗೇರಿಯ ಶೆಡ್ಡು ಬಯಲಲ್ಲೂ ದೂರವೇ. ಹೊಲವಿಲ್ಲದವರು ಯಾರ ಹೊಲದಲ್ಲಿ ಗುಡಿಸಲು ಹಾಕಬೇಕು? ಕೂಲಿಯಿಲ್ಲದ ತಿಂಗಳುಗಳಲ್ಲಿ ಏನು ತಿನ್ನಬೇಕು? ತಮಟೆ ಬಡಿದು ಎಲ್ಲರನ್ನೂ ಎಚ್ಚರಿಸಿದವನ ಮನೆಯ ಹೆಣ ಹೊರಲು ಎಲ್ಲರೂ ಬರುತ್ತಿರಲಿಲ್ಲ. ಇನ್ನೊಂದು ಸಂಗತಿ ಮಾರಿಯನ್ನು ಗಡಿ ದಾಟಿಸುವ ಪದ್ಧತಿ. ರೋಗ ಬಂದಾಗ ಪೂಜೆ ಮಾಡಿ, ಮಾರಿಯನ್ನು ಗಾಡಿಯಲ್ಲಿಟ್ಟು ಊರ ಗಡಿಯಾಚೆ ಬಿಟ್ಟು ಬರುತ್ತಿದ್ದರು. ಆಚೆ ಊರಿನವರು ಅವಳನ್ನು ತಮ್ಮ ಗಡಿಯಾಚೆ ತಳ್ಳುತ್ತಿದ್ದರು. ಹೊಣೆ ಎಂಬುದು ಊರ ಗಡಿಕಲ್ಲಿನ ತನಕ ಮಾತ್ರ. ಪ್ಲೇಗು ರೈಲಿನಲ್ಲಿ ಬಂದ ಮೇಲೆ ಆ ಗಡಿಕಲ್ಲು ಯಾರನ್ನೂ ಕಾಯುವಂತಿರಲಿಲ್ಲ.

ಗಡಿಯಾಚೆಯ ಹೊಣೆಯನ್ನೂ ಹೊರಬೇಕೆಂದವರು ಆ ಕಾಲದಲ್ಲೇ ಇದ್ದರು. 1898ರಲ್ಲಿ ಕಲ್ಕತ್ತೆಯಲ್ಲಿ ಪ್ಲೇಗಿನ ಸುದ್ದಿ ಹಬ್ಬಿ ಜನ ಓಡತೊಡಗಿದಾಗ ಸ್ವಾಮಿ ವಿವೇಕಾನಂದರು ಬಂಗಾಳಿಯಲ್ಲಿ ಒಂದು ಕರಪತ್ರ ಬರೆದು ಹಂಚಿಸಿದರು. ಹೆದರಬೇಡಿ ಎನ್ನುವುದರ ಜೊತೆಗೇ ಮನೆ ಚೊಕ್ಕಟವಿಡಿ, ಗುಲ್ಲಿಗೆ ಕಿವಿಗೊಡಬೇಡಿ, ಬಡವರಿಗೆ ಆಸರೆಯಾಗಿ, ನಾವು ನಿಮ್ಮ ಜೊತೆ ಇದ್ದೇವೆ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ಹಣ ಸಾಲದಿದ್ದರೆ ಮಠಕ್ಕೆಂದು ಕೊಂಡ ಜಮೀನನ್ನೇ ಮಾರುತ್ತೇನೆ ಎಂದರು. ಮರುವರ್ಷ ಸೋದರಿ ನಿವೇದಿತಾ ಬಾಗ್‌ಬಜಾರಿನ ಗಲ್ಲಿಗಳನ್ನು ಪೊರಕೆ ಹಿಡಿದು ಗುಡಿಸಿದರು.

ಕಟ್ಟಿದ ನಂಬಿಕೆ ಕೆಡಲು ಹೊತ್ತು ಬೇಕಿಲ್ಲ. 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೊವಾಲ್ ಎಂಬ ಹಳ್ಳಿಯಲ್ಲಿ ಒಂದೇ ಶೀಸೆಯಿಂದ ಸೂಜಿ ಹಾಕಿಸಿಕೊಂಡ 19 ಜನ ಧನುರ್ವಾಯು ತಗುಲಿ ಸತ್ತರು. ಶೀಸೆಯ ಬಿರಡೆ ತೆಗೆಯುವಾಗ ನೆಲಕ್ಕೆ ಬಿದ್ದ ಚಿಮಟವನ್ನು ಸರಿಯಾಗಿ ಶುದ್ಧಿ ಮಾಡಿರಲಿಲ್ಲ. ತಪ್ಪು ಆ ಹಳ್ಳಿಯಲ್ಲಾದದ್ದು. ಹೊರೆ ಹಾಫ್‌ಕಿನ್ ತಲೆಯ ಮೇಲೆ ಬಿತ್ತು. ಅವನು ಕೆಲಸ ಕಳೆದುಕೊಂಡ. 1907ರಲ್ಲಿ ದೋಷಮುಕ್ತನಾದ. ಅಷ್ಟರೊಳಗೆ ಸೂಜಿಯ ಭಯ ದೇಶವೆಲ್ಲ ಸುತ್ತಿಬಂದಿತ್ತು. ಆ ಐದು ವರ್ಷಗಳಲ್ಲಿ ಪ್ಲೇಗು ದೇಶದಲ್ಲಿ ಹಿಂದೆಂದೂ ಕಾಣದಷ್ಟು ಜನರನ್ನು ಕೊಂದಿತು. ಎಲ್ಲ ಮುಗಿಯುವ ಹೊತ್ತಿಗೆ ಸತ್ತವರ ಸಂಖ್ಯೆ ಕೋಟಿ ದಾಟಿತ್ತು.

ಪುಣೆಯಲ್ಲಿ ಉಳಿದವರಿಗೂ ಪ್ಲೇಗು ಕರುಣೆ ತೋರಲಿಲ್ಲ. ಬೇರೆ ಎಷ್ಟೋ ಮುಖಂಡರು ಊರು ಬಿಟ್ಟಾಗ ಬಾಲಗಂಗಾಧರ ತಿಲಕರು ಅಲ್ಲೇ ನಿಂತು ಪ್ಲೇಗು ಆಸ್ಪತ್ರೆ ನಡೆಸಿದ್ದರು. 1903ರಲ್ಲಿ ಅವರ ಮಗ ವಿಶ್ವನಾಥ ಪ್ಲೇಗಿನಿಂದಲೇ ಹೋದ.

ನಮ್ಮಲ್ಲಿ ಆ ಕಾಲದ ಹಳ್ಳಿಯ ಒಡಲನ್ನು ತೋರಿಸಿದ ಪುಸ್ತಕವೆಂದರೆ ಎಸ್.ಎಲ್. ಭೈರಪ್ಪನವರ 'ಗೃಹಭಂಗ'. ಅದರಲ್ಲಿ ಊರು ಬಿಡುವುದೂ ಶೆಡ್ಡು ಹಾಕುವುದೂ ಸೂಜಿ ಹಾಕಿಸಿಕೊಳ್ಳುವುದೂ ದಿನದ ಬದುಕಿನ ಭಾಗ. ಪ್ಲೇಗು ಭೈರಪ್ಪನವರ ಸ್ವಂತ ಮನೆಯಿಂದಲೇ ಅಣ್ಣ, ಅಕ್ಕ, ಮುಂದೆ ತಾಯಿಯನ್ನು ಒಯ್ದಿತ್ತು. ಕಾದಂಬರಿಯ ನಂಜಮ್ಮ ಮಕ್ಕಳನ್ನು ಕಳೆದುಕೊಳ್ಳುವ ಪುಟಗಳನ್ನು ಓದಿದವರಿಗೆ, ಊರು ಬಿಟ್ಟರೂ ರೋಗ ಬಿಡದ ಮನೆಗಳು ಎಷ್ಟಿದ್ದವು ಎಂಬುದು ಅಂಕಿಯಿಲ್ಲದೆಯೂ ತಿಳಿಯುತ್ತದೆ.

1940ರ ದಶಕ ಕಳೆಯುವಾಗ ಡಿಡಿಟಿ ಬಂತು, ಸಲ್ಫಾ ಮಾತ್ರೆ ಬಂತು, ಸ್ಟ್ರೆಪ್ಟೊಮೈಸಿನ್ ಬಂತು. ಶೆಡ್ಡುಗಳು ನಿಂತವು. ಊರು ಬಿಟ್ಟ ಕಾಲ ಅಜ್ಜಿಯರ ಮಾತಿಗೆ ಸೇರಿತು: "ಆ ಪ್ಲೇಗಿನ ವರ್ಷ ಹುಟ್ಟಿದವನು ಅವನು." 1994ರಲ್ಲಿ ಸೂರತ್‌ನಲ್ಲಿ ಶ್ವಾಸಕೋಶದ ಪ್ಲೇಗು ಎಂಬ ಸುದ್ದಿ ಎದ್ದಾಗ ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ರೈಲು ಬಸ್ಸು ತುಂಬಿ ಓಡಿದರು. ಅವರ ಜೊತೆ ಕ್ಲಿನಿಕ್ಕಿಗೆ ಬೀಗ ಹಾಕಿದ ಎಷ್ಟೋ ವೈದ್ಯರೂ ಓಡಿದರು. ಅಷ್ಟು ಹೊತ್ತಿಗೆ ಪ್ಲೇಗಿಗೆ ಮದ್ದು ಔಷಧಿ ಅಂಗಡಿಯಲ್ಲೇ ಸಿಗುತ್ತಿತ್ತು. ಊರು ಸೇರಿ ಮಾತಾಡಿಕೊಳ್ಳುವ ಜಗಲಿ ಮಾತ್ರ ಸೂರತ್‌ನ ಕೂಲಿ ಕಾಲೊನಿಗಳಲ್ಲಿ ಇರಲಿಲ್ಲ.

ಪ್ಲೇಗು ನಮ್ಮ ನೆಲದಿಂದ ಪೂರ್ತಿ ಹೋಗಿಲ್ಲ. ಕರ್ನಾಟಕ, ಆಂಧ್ರ, ತಮಿಳುನಾಡು ಕೂಡುವ ಕೋಲಾರದ ಕಡೆಯ ಕಾಡಿಲಿಗಳಲ್ಲಿ ಅದರ ಕ್ರಿಮಿ ಉಳಿದಿರಬಹುದೆಂದು ಬೆಂಗಳೂರಿನ ಪ್ಲೇಗು ಕಣ್ಗಾವಲು ಘಟಕ ದಶಕಗಳಿಂದ ಆ ಹಳ್ಳಿಗಳಲ್ಲಿ ಬೋನು ಇಟ್ಟು ಇಲಿ ಹಿಡಿದು, ಚಿಗಟ ಬಾಚಿ, ರಕ್ತ ತೆಗೆದು ನೋಡುತ್ತ ಬಂದಿದೆ. ಬೋನು ಎಲ್ಲ ಊರಲ್ಲೂ ಇಡಲಾಗುವುದಿಲ್ಲ. ಹೊಲದ ಬದುವಿನಲ್ಲೋ ಹಿತ್ತಲಲ್ಲೋ ಇಲಿಗಳು ಕಾರಣವಿಲ್ಲದೆ ಸತ್ತು ಬೀಳತೊಡಗಿದರೆ, ಅದನ್ನು ಮೊದಲು ಕಂಡವರು ಬಂದು ಹೇಳಬೇಕು.